ಸಕ್ಕರೆ ಬಿಟ್ಟವನ ಹೆಂಡತಿ

ಶನಿವಾರಸಂತೆಯ ಆಚೆಗಿನ ಆ ಊರಿನಲ್ಲಿ ಚನ್ನಮಲ್ಲಪ್ಪ ಸಕ್ಕರೆ ಬಿಟ್ಟ ವಿಷಯ ಗೊತ್ತಿಲ್ಲದವರೇ ಇರಲಿಲ್ಲ. ಡಂಗುರ ಹೊಡೆದವನು ಅವನೇ. ಮದುವೆ ಮನೆಯಲ್ಲಿ ಪಾಯಸ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಂಗೆ ಬ್ಯಾಡಪ್ಪ, ಶುಗರ್ರು. ಬಿಟ್ಟೇಬಿಟ್ಟಿದೀನಿ" ಎಂದು ಪಂಕ್ತಿಯ ಆ ತುದಿಗೂ ಕೇಳುವಂತೆ ಹೇಳುತ್ತಿದ್ದ. ಜನ ಮೆಚ್ಚಿ ತಲೆಯಾಡಿಸುತ್ತಿದ್ದರು. ಎದುರಿನ ಪಂಕ್ತಿಯಲ್ಲಿ ಕುಳಿತ ಹೆಂಡತಿ ಕಾಂತಮ್ಮ ಮಾತ್ರ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಇಷ್ಟು ದೊಡ್ಡ ತ್ಯಾಗ ಮಾಡಿದವನ ರಕ್ತದಲ್ಲಿ ಸಕ್ಕರೆ ಒಂದು ಕೂದಲಷ್ಟೂ ಇಳಿದಿರಲಿಲ್ಲ. ಅದು ಎಲ್ಲಿಂದ ಬರುತ್ತಿದೆ ಎಂಬುದೇ ಅವಳ ತಲೆ ತಿನ್ನುತ್ತಿತ್ತು.

ಇಳಿಯಲೇಬೇಕಿತ್ತು. ಚನ್ನಮಲ್ಲಪ್ಪನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಅವನ ಬದುಕು ನಡೆಯುತ್ತಿದ್ದುದೇ ಕಣ್ಣಿನಿಂದ. ಕರಿಮೆಣಸಿನ ಬಳ್ಳಿಯ ಬುಡದಲ್ಲಿ ನಿಂತು, ತಲೆಯೆತ್ತಿ ಒಂದು ಸುತ್ತು ನೋಡಿ, ಈ ಮರದಿಂದ ಇಷ್ಟು ಕಾಳು ಇಳಿಯುತ್ತದೆ ಎಂದು ಕೊಯ್ಲಿಗೆ ಮೊದಲೇ ಹೇಳುವ ಕೆಲಸ ಅವನದು. ಅವನು ಹೇಳಿದ ಮೇಲೆ ತೋಟದವರೂ ವ್ಯಾಪಾರಿಗಳೂ ಮರು ಮಾತಾಡದೆ ಫಸಲಿನ ಮಾತು ಮುಗಿಸುತ್ತಿದ್ದರು. ಆದರೆ ಕಳೆದ ವರ್ಷ ಸುಂಟಿಕೊಪ್ಪದ ಕಡೆ ಒಂದು ತೋಟದಲ್ಲಿ ಎಲೆಯ ನೆರಳನ್ನೇ ಗೊಂಚಲು ಎಂದುಕೊಂಡು ಬಾಯಿಗೆ ಬಂದಷ್ಟು ಹೇಳಿಬಿಟ್ಟಿದ್ದ. ಆಮೇಲೆ ಒಂದೊಂದೇ ಮನೆಯವರು ರೇಣುಕಪ್ರಸಾದ್ ಎಂಬ ಎಳೆಯನನ್ನು ಕರೆಯತೊಡಗಿದ್ದರು. ಈ ಹುತ್ತರಿ ಹಬ್ಬದೊಳಗೆ ಕಣ್ಣು ಸರಿಯಾಗದಿದ್ದರೆ ಮುಂದಿನ ಹುತ್ತರಿಗೆ ಅವನನ್ನು ಕರೆಯುವವರೇ ಇರುವುದಿಲ್ಲ ಎಂದು ಕಾಂತಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಆಪರೇಷನ್ನಿಗೆಂದು ಹೋದರೆ, ಶುಗರ್ ಇಷ್ಟಿರುವಾಗ ಕಣ್ಣಿಗೆ ಕೈ ಹಾಕುವುದಿಲ್ಲ ಎಂದು ಡಾಕ್ಟರು ಮಳೆಗಾಲದಲ್ಲೊಮ್ಮೆ ವಾಪಸು ಕಳಿಸಿದರು. ಗೌರಿ ಹಬ್ಬ ಕಳೆದ ಮೇಲೆ ಹೋದಾಗಲೂ ಅದೇ ಹಾಡು. ಎರಡನೆಯ ಸಲ ಡಾಕ್ಟರು ಕೇಳಿದ್ದು ಚನ್ನಮಲ್ಲಪ್ಪನನ್ನಲ್ಲ, ಕಾಂತಮ್ಮನನ್ನು.

"ಏನಮ್ಮಾ, ಮನೇಲಿ ಏನು ಹಾಕ್ತೀರಾ ಇವರಿಗೆ?"

ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಕಾಂತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನು ಹಾಕುತ್ತಾಳೆ? ಬೆಳಗಿನ ಅಕ್ಕಿರೊಟ್ಟಿ ನಿಲ್ಲಿಸಿ ರಾಗಿ ತಂದಿದ್ದಾಳೆ. ರಾತ್ರಿ ಅನ್ನ ಕಂಡರೆ ಅವನಿಗಿಂತ ಮೊದಲು ಅವಳೇ ಬೆಚ್ಚುತ್ತಾಳೆ. ಹುರುಳಿ ನೆನೆಸಿ, ಬಟ್ಟೆ ಕಟ್ಟಿ, ಮೊಳಕೆ ಬರಿಸುತ್ತಾಳೆ. ಹಿತ್ತಲಿನ ಹೊನಗೊನೆ ಸೊಪ್ಪನ್ನೆಲ್ಲ ಅವನ ತಟ್ಟೆಗೇ ಸುರಿಯುತ್ತಾಳೆ. ಬಿ.ಪಿ.ಯೂ ಇದೆ ಎಂದಾಗ ಉಪ್ಪು ಕಿತ್ತುಕೊಂಡಳು. ಮನೆಯಲ್ಲಿ ಲಿಂಗಪೂಜೆ ಆಗಿ ಎಡೆ ಇಡುವ ತನಕ ಅಡುಗೆಯ ರುಚಿ ನೋಡುವ ಪದ್ಧತಿ ಅವಳಿಗೆ ಹುಟ್ಟಿನಿಂದಲೇ ಇಲ್ಲ, ಕೈ ಅಳತೆಯಲ್ಲೇ ಎಲ್ಲ ನಡೆಯುತ್ತಿತ್ತು. ಅವನು ಮುಖ ಕಿವುಚಿಕೊಂಡು ಉಣ್ಣುವುದನ್ನು ನೋಡಿದಾಗ, ದೊಡ್ಡ ಮಗುವಿನ ರಗಳೆ ಎಂದು ಗೊಣಗಿ ಒಳಗೆ ಹೋಗುತ್ತಿದ್ದಳು. ತನ್ನದೇನು ಮಹಾ, ಅವನದಾದ ಮೇಲೆ ತಂಗಳನ್ನವೋ ಉಪ್ಪಿನಕಾಯಿಯೋ ಇದ್ದೇ ಇರುತ್ತಿತ್ತು.

ಅಂದು ಆಸ್ಪತ್ರೆಯ ಬಾಗಿಲಲ್ಲಿ ನರ್ಸೊಬ್ಬಳು ಕಾಂತಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ನಿಮಗೇ ರಕ್ತ ಇಲ್ವಲ್ಲಮ್ಮ, ಒಂದ್ಸಲ ಟೆಸ್ಟ್ ಮಾಡಿಸಿ" ಎಂದಳು.

"ಮೊದ್ಲು ಇವರ್ದು ಮುಗೀಲಿ ತಾಯಿ, ಒಂದು ಮನೇಗೆ ಒಬ್ರು ರೋಗಿ ಸಾಕು" ಎಂದು ಕಾಂತಮ್ಮ ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು.

ಮಾರನೆಯ ವಾರ ಅವನು ಮೆಣಸಿನ ಬಳ್ಳಿ ನೋಡಲು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು.

"ನೀನೆಲ್ಲಿಗೇ?"

"ನೀವೆಲ್ಲಿಗೋ ಅಲ್ಲಿಗೆ."

"ಜನ ನಗ್ತಾರೆ ಕಣೇ."

"ಆಸ್ಪತ್ರೇಲಿ ನಕ್ಕಾಯ್ತಲ್ಲ, ಇವರೂ ನಗಲಿ."

ಮಾದಾಪುರದ ಹತ್ತಿರ ಮೊದಲ ತೋಟ. ಗೇಟು ದಾಟುವ ಮೊದಲೇ ಒಳಗಿಂದ ಲೋಟ ಬಂತು. ಕಪ್ಪು ಕಾಫಿ, ಹಬೆಯ ಜತೆ ಬೆಲ್ಲದ ಘಮ. ಚನ್ನಮಲ್ಲಪ್ಪ ಎರಡು ಕೈಯಲ್ಲೂ ಹಿಡಿದು ಸೊರಸೊರ ಕುಡಿದ. ಪಕ್ಕದ ಮನೆಯಲ್ಲಿ ಇನ್ನೊಂದು. ರಸ್ತೆ ದಾಟಿದರೆ ತೋಟದ ಲೆಕ್ಕ ಬರೆಯುವ ರೈಟರ್ ಪುಟ್ಟರಾಜುವಿನ ಮನೆಯಲ್ಲಿ ಮತ್ತೊಂದು, ಅದೂ ಚೊಂಬಿನಂಥ ಲೋಟದಲ್ಲಿ. ಕೊಡಗಿನಲ್ಲಿ ಯಾರ ಅಂಗಳಕ್ಕೆ ಕಾಲಿಟ್ಟರೂ ಬೆಲ್ಲದ ಕಾಫಿ ಕುಡಿಯದೆ ವ್ಯವಹಾರದ ಮಾತು ಶುರುವಾಗುವುದಿಲ್ಲ, ಮಾತು ಮುಗಿದ ಮೇಲೆ ಇನ್ನೊಂದು ಲೋಟ ಕುಡಿಯದೆ ಎದ್ದು ಬರುವಂತೆಯೂ ಇಲ್ಲ. ಕಾಂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗೇಟಿನಾಚೆ ಬಂದದ್ದೇ ತಡ, ಗಂಡನ ತೋಳು ಹಿಡಿದು ನಿಲ್ಲಿಸಿದಳು.

"ಇದೇನ್ರೀ ಇದು?"

"ಯಾವ್ದು?"

"ಬೆಳಗ್ಗಿಂದ ಬಗ್ಗಿಸ್ತಾ ಇದೀರಲ್ಲ, ಅದು!"

ಚನ್ನಮಲ್ಲಪ್ಪ ಪೊರೆ ಮುಸುಕಿದ ಕಣ್ಣಿನಿಂದ ಅವಳನ್ನು ನಿಜವಾಗಿಯೂ ಅರ್ಥವಾಗದವನಂತೆ ನೋಡಿದ. "ಬೆಲ್ಲ ಕಣೇ ಅದು. ಡಾಕ್ಟ್ರು ಬಿಡು ಅಂದಿದ್ದು ಸಕ್ಕರೇನ. ಫ್ಯಾಕ್ಟ್ರಿ ಮಾಲು ಅದು, ಕೆಮಿಕಲ್ಲು. ಬೆಲ್ಲ ಮೈಗೆ ಒಳ್ಳೇದು. ಬಾಣಂತೀರಿಗೇ ಕೊಡ್ತಾರೆ."

ಸುಳ್ಳು ಹೇಳಿದ್ದರೆ ಕಾಂತಮ್ಮ ಸಹಿಸಿಕೊಳ್ಳುತ್ತಿದ್ದಳೋ ಏನೋ. ಅವನು ಮನಸಾರೆ ನಂಬಿ ಹೇಳುತ್ತಿದ್ದ. ವರ್ಷವಿಡೀ ಅವಳು ಒಲೆಯ ಮುಂದೆ ಬೆಂದದ್ದನ್ನೆಲ್ಲ ಅವನು ಊರೂರಿನ ಜಗಲಿಯ ಮೇಲೆ ಕೂತು ನಿಯತ್ತಾಗಿ ತೊಳೆದುಹಾಕಿದ್ದ.

"ನೀವು ಬಾಣಂತೀನಾ?" ಎಂದು ಅವಳು ಕೂಗಿದ ಕೂಗಿಗೆ ಕೂಲಿಯವರ ಲೈನ್ ಮನೆಗಳ ನಾಯಿಗಳು ಬೊಗಳತೊಡಗಿದವು. "ಅದೂ ಕಬ್ಬಿಂದೇ, ಇದೂ ಕಬ್ಬಿಂದೇ. ಒಳಗೆ ಹೋದ ಮ್ಯಾಲೆ ರಕ್ತಕ್ಕೆ ಭೇದ ಗೊತ್ತಾಗ್ತದಾ? ಕಣ್ಣಿನ ಮ್ಯಾಲೆ ಆಸೆ ಇದ್ರೆ ಇವತ್ತಿಂದ ಬೆಲ್ಲಾನೂ ಬಂದ್!"

ಹೇಳಿದಷ್ಟು ಸುಲಭವಾಗಿರಲಿಲ್ಲ. ಸುಂಟಿಕೊಪ್ಪದ ಹತ್ತಿರದ ಬೊಳ್ಳಮ್ಮನ ಮನೆಯಲ್ಲಿ ಅವನು ಲೋಟಕ್ಕೆ ಕೈ ಚಾಚದೆ ಕುಳಿತ. ಬೊಳ್ಳಮ್ಮ ದೊಡ್ಡ ತೋಟದ ಒಡತಿ, ಅರೆಭಾಷೆ ಮಾತಾಡುವವಳು, ಬಹಳ ಮಾನದವಳು. ಅವಳ ಮುಖ ಸಪ್ಪಗಾಯಿತು.

"ಎಂಥ, ನಮ್ಮ ಮನೆ ಕಾಪಿ ಬೇಡ್ವಾ? ಸಕ್ಕರೆ ಇಲ್ಲೆ, ಬೆಲ್ಲದ್ದೇ ಉಟ್ಟು."

ಇವಳೂ ಅದೇ ಪಾಠ ಓದಿದವಳು. ಈ ಮನೆಯ ಬಳ್ಳಿಗಳು ಕೈತಪ್ಪಿದರೆ ರೇಣುಕಪ್ರಸಾದನಿಗೆ ಹಬ್ಬ. ಕಾಂತಮ್ಮ ಗಂಡನ ಲೋಟವನ್ನೂ ಎಳೆದುಕೊಂಡು ಗಟಗಟನೆ ಕುಡಿದಳು. "ನಮ್ಮನೇಲಿ ಇಬ್ರಿಗೂ ಸೇರಿ ನಾನೇ ಕುಡಿಯೋದು ತಾಯಿ" ಎಂದಳು. ಬೊಳ್ಳಮ್ಮ ನಕ್ಕುಬಿಟ್ಟಳು, ಮಾತು ಮುಂದುವರಿಯಿತು.

ಅಲ್ಲಿಂದ ಹುತ್ತರಿಯವರೆಗೆ ಅವಳ ಪಾಡು ಅದೇ ಆಯಿತು. ನಸುಕಿನಲ್ಲೆದ್ದು ಅವನಿಗೆ ಮುದ್ದೆ, ಮೊಳಕೆಕಾಳು ಮಾಡಿ ಡಬ್ಬಿ ಕಟ್ಟುವುದು. ತಾನು ಬರಿಹೊಟ್ಟೆಯಲ್ಲಿ ಬಸ್ಸು ಹತ್ತುವುದು. ಪರಿಚಯದ ಮನೆಗಳಲ್ಲಿ ಅಡುಗೆಮನೆಗೇ ನುಗ್ಗಿ, "ಇವರದ್ದಕ್ಕೆ ಬೆಲ್ಲ ಹಾಕಬ್ಯಾಡಿ" ಎಂದು ಕಾಡುವುದು, ಹೊಸ ಮನೆಗಳಲ್ಲಿ ಅವನ ಪಾಲನ್ನೂ ತಾನೇ ಕುಡಿಯುವುದು. ಕುಡಿದೂ ಕುಡಿದೂ ಹಸಿವೇ ಸತ್ತುಹೋಯಿತು. ಜನ ಅವಳಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟರು. ಬೆಲ್ಲವಿಲ್ಲದ ಕಾಫಿ ಕುಡಿದಾಗಲೆಲ್ಲ ಚನ್ನಮಲ್ಲಪ್ಪ ಕಷಾಯ ಕುಡಿದವನ ಮುಖ ಮಾಡುತ್ತಿದ್ದ. ತೋಟದ ಏರು ಹತ್ತುವಾಗ ಅವಳಿಗೆ ಏದುಸಿರು ಬರುತ್ತಿತ್ತು. ಒಮ್ಮೆ ಕಣ್ಣು ಕತ್ತಲಿಟ್ಟು ಬಳ್ಳಿ ಹಬ್ಬಿದ ಮರವನ್ನೇ ತಬ್ಬಿ ನಿಂತಳು.

"ಏನಾಯ್ತೇ?" ಎಂದು ಮೇಲಿನಿಂದ ಕೂಗಿದ ಅವನಿಗೆ ಅವಳು ನಿಂತದ್ದು ಕಂಡಿರಲಿಲ್ಲ, ಹೆಜ್ಜೆ ಸದ್ದು ನಿಂತದ್ದಷ್ಟೇ ಕೇಳಿಸಿತ್ತು.

"ಏನಿಲ್ಲ, ನಿಮ್ಮ ಬಳ್ಳಿ ನೋಡ್ತಿದೀನಿ" ಎಂದಳು.

ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ಶುಗರ್ ಇಳಿದಿತ್ತು. ಡಾಕ್ಟರು ಚನ್ನಮಲ್ಲಪ್ಪನ ಬೆನ್ನು ತಟ್ಟಿ, "ಭೇಷ್, ಒಳ್ಳೇ ಕಂಟ್ರೋಲು" ಎಂದರು. ಅವನು ಹಲ್ಲು ಕಿರಿದ. ಕಂಟ್ರೋಲು ಮಾಡಿದವಳು ಔಷಧಿ ಚೀಟಿ ಹಿಡಿದು ಮೂಲೆಯಲ್ಲಿ ನಿಂತಿದ್ದಳು, ಅವಳ ಹೊಟ್ಟೆ ಉರಿಯಿತು. ಆದರೂ ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿದಾಗ ಹೋದ ಜೀವ ಬಂದಂತಾಯಿತು.

ಪಟ್ಟಿ ಬಿಚ್ಚಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಿಗೆ ಹೋಗಿ ಹಲಸಿನ ಮರದ ಮೆಣಸಿನ ಬಳ್ಳಿಯನ್ನು ಬುಡದಿಂದ ತುದಿವರೆಗೆ ನೋಡಿದ. "ಗೊಂಚಲು ಗೊಂಚಲೂ ಕಾಣ್ತದಲ್ಲೇ!" ಎಂದು ಮಗುವಿನ ಹಾಗೆ ಕೂಗಿದ. ಬೊಳ್ಳಮ್ಮನ ಮನೆಗೆ ತಾನೇ ಫೋನು ಮಾಡಿ, ಬರುತ್ತೇನೆ ಎಂದ. ಕಾಂತಮ್ಮ ಅದನ್ನೆಲ್ಲ ಕೇಳಿಸಿಕೊಳ್ಳುತ್ತ ಅವನಿಗೆ ತಟ್ಟೆ ಇಟ್ಟಳು. ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ. ಆಮೇಲೆ ಒಳಗಿನ ಹೊಸ್ತಿಲ ಮೇಲೆ ಕುಕ್ಕರಿಸಿ, ನಿನ್ನೆಯ ಅನ್ನಕ್ಕೆ ನೀರು ಮಜ್ಜಿಗೆ ಹುಯ್ದು ಕಲಸಿಕೊಂಡಳು.

ಅವನು ಉಣ್ಣದೆ ಕುಳಿತಿದ್ದ. ಅವಳು ತಲೆಯೆತ್ತಿ ನೋಡಿದರೆ, ಅವನು ಕನ್ನಡಕ ತೆಗೆದು ಅವಳನ್ನೇ ನೋಡುತ್ತಿದ್ದ. ಬಳ್ಳಿ ನೋಡುವಾಗ ನೋಡುವ ಹಾಗೆ, ಮೇಲಿನಿಂದ ಕೆಳಗಿನವರೆಗೆ.

"ಕಾಂತಿ, ನಿನ್ನ ಮುಖ ಯಾವಾಗ ಹಿಂಗಾಯ್ತೇ?"

"ಹೆಂಗೆ?"

"ಸುಣ್ಣ ಬಳಿದಂಗೆ. ಕೈ ನೋಡು, ಬಳೆ ಮೊಣಕೈಗೆ ಹೋಗ್ತಿದೆ."

ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಈಗ ಕಂಡ್ತಾ? ವರ್ಷದಿಂದ ಹಿಂಗೇ ಇದೀನಿ. ಆ ನರ್ಸಮ್ಮಂಗೆ ಅರೆಗಳಿಗೇಲಿ ಕಂಡಿದ್ದು ನಿಮಗೆ ಕಾಣಕ್ಕೆ ಆಪ್ರೇಷನ್ ಬೇಕಾಯ್ತಾ?"

ಚನ್ನಮಲ್ಲಪ್ಪ ಎದ್ದ. ತಟ್ಟೆ ಎತ್ತಿಕೊಂಡು ಬಂದು ಹೊಸ್ತಿಲ ಬಳಿ ನೆಲದ ಮೇಲೇ ಕುಳಿತ. ಮುದ್ದೆ ಮುರಿದು ಅರ್ಧ, ಸಾರು ಅರ್ಧ, ಪಲ್ಯ ಪೂರ್ತಿ ಅವಳ ತಟ್ಟೆಯ ಬದಿಗೆ ನೂಕಿದ. ಮಜ್ಜಿಗೆ ಅನ್ನವನ್ನು ತನ್ನ ಕಡೆ ಎಳೆದುಕೊಳ್ಳಲು ಹೋದವನ ಕೈಗೆ ಅವಳು ಫಟ್ಟೆಂದು ಹೊಡೆದಳು.

"ನಿಮಗೆ ಅನ್ನ ಬ್ಯಾಡ!"

"ಹಂಗಾದ್ರೆ ನಿಂಗೂ ಬ್ಯಾಡ. ಇದ್ನ ತಿನ್ನು. ತಿನ್ನೋವರ್ಗೂ ನಾನು ಮುಟ್ಟಲ್ಲ."

ಹಟಮಾರಿ ಗಂಡಸು. ಅವಳಿಗೆ ಅಳುವೂ ಬಂತು, ರೇಗಿಯೂ ಹೋಯಿತು. ಅವನ ಬಾಯಿ ಮುಚ್ಚಿಸಿದರೆ ಸಾಕೆಂದು ಒಂದು ತುತ್ತು ಮುದ್ದೆ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಇಟ್ಟವಳು ನುಂಗದೆ ಹಾಗೇ ಕೂತುಬಿಟ್ಟಳು. ಪಲ್ಯ ಬಾಯಿಗೆ ಹಾಕಿಕೊಂಡಳು. ಅದೂ ಹಾಗೆಯೇ. ಉಪ್ಪು ಕಮ್ಮಿಯಲ್ಲ, ಇಲ್ಲವೇ ಇಲ್ಲ. ಹುಳಿಯಿಲ್ಲ, ಖಾರವಿಲ್ಲ, ಹುಲ್ಲು ತಿಂದ ಹಾಗೆ.

"ರೀ," ಎಂದಳು, "ಇದ್ನ ಒಂದು ವರ್ಷ ಹೆಂಗೆ ಉಂಡ್ರಿ?"

"ನೀನು ಬೈತಿದ್ಯಲ್ಲ, ಅದರ ಜತೆ ನಂಚ್ಕೊಂಡು" ಎಂದ ಚನ್ನಮಲ್ಲಪ್ಪ.

ಕಾಂತಮ್ಮ ಎದ್ದು ಹೋಗಿ ನಿಂಬೆಹಣ್ಣು ಹೆಚ್ಚಿ ತಂದಳು, ಹಸಿಮೆಣಸಿನಕಾಯಿ ಜಜ್ಜಿ ತಂದಳು. ಎರಡು ತಟ್ಟೆಗೂ ಹಿಂಡಿದಳು. "ಇನ್ಮ್ಯಾಲೆ ಮನೇಲಿ ಒಂದೇ ಅಡುಗೆ" ಎಂದು ಗದರಿಸಿ, ಅವನ ಪಕ್ಕದಲ್ಲೇ ಕುಳಿತು, ಮೊದಲ ಸಲ ಅವನ ಜತೆಗೇ ಉಂಡಳು.