ಹೆಣಕ್ಕೆ ನಾಲ್ಕು ಹೆಗಲು

ವಿಜಯಪುರದಿಂದ ಬಂದ ನಾನು ಪೀಣ್ಯದಲ್ಲಿ ಖಾನಾವಳಿ ನಡೆಸುತ್ತೇನೆ. ಹೆಂಡತಿಯನ್ನು ಕೊಂದು ಜೈಲು ಸೇರಿದ್ದ ಕಬಡ್ಡಿ ಆಟಗಾರನೊಬ್ಬ ಅಲ್ಲೇ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬಂದಿತ್ತು. ಅವನ ಜೊತೆ ಆಡಿದ್ದ ಫಿಟ್ಟರ್ ಮಂಜು ರೊಟ್ಟಿ ಮುರಿಯದೆ ಕೂತಿದ್ದ.

"ಶಿಕ್ಷೆಯಿಂದ ತಪ್ಪಿಸ್ಕೊಂಡ ಕಣೋ. ಆ ಹುಡುಗಿ ತಾಯಿಗೆ ಏನು ನ್ಯಾಯ ಸಿಕ್ತು?" ಎಂದ ಮಂಜುವಿನ ಗೆಳೆಯ ರವಿ.

"ನೀನು ಹೇಳೋದು ಸರೀನೇ. ಆದ್ರೆ ಬಾಡಿ ತಗೊಳ್ಳೋಕೆ ಅವನಪ್ಪ ಒಬ್ರೇ ಬಂದಿದ್ದಾರಂತೆ," ಎಂದ ಮಂಜು ನನ್ನ ಕಡೆ ತಿರುಗಿದ. "ಅಜ್ಜಿ, ನಾನು ಹೋದ್ರೆ ತಪ್ಪಾ?"

"ಕೊಂದದ್ದು ಕೊಂದದ್ದೇ. ಆದ್ರ ಹೆಣಕ್ಕ ನಾಕು ಹೆಗಲು ಬೇಕಲ್ಲೋ ತಮ್ಮಾ," ಎಂದೆ.

ರವಿ ಕೈ ತೊಳೆದು ಬೈಕಿನ ಕೀ ತೆಗೆದ. "ನಡಿ. ದಾರಿಯುದ್ದಕ್ಕೂ ಅವನಿಗೆ ಬೈತೀನಿ, ಕೇಳ್ಕೋಬೇಕು."

ಇದ್ದದ್ದು ಒಂದೇ ಹೆಲ್ಮೆಟ್. ನೀನು ಹಾಕ್ಕೋ, ನೀನು ಹಾಕ್ಕೋ ಎಂದು ಬಾಗಿಲಲ್ಲೇ ಜಗಳ ಶುರುವಾಯಿತು. ಆ ನ್ಯಾಯ ತೀರಿಸುವುದು ಮಾತ್ರ ನನ್ನಿಂದಾಗಲಿಲ್ಲ.