ಕೋಟೆ ರಸ್ತೆಯ ನಾಲ್ಕನೇ ಕಂಬ

ಬೆಳಿಗ್ಗೆ ಆರೂಕಾಲಿಗೆ ಮೈಸೂರು ಬಿಟ್ಟೆವು. ಜನವರಿಯ ಮೊದಲ ವಾರ. ಜೀಪಿನ ಗಾಜನ್ನು ಒರೆಸಿದಷ್ಟೂ ಮಂಜು ಕೂರುತ್ತಿತ್ತು. ಮುಂದಿನ ಸೀಟು ನನ್ನದು. ಹಿಂದೆ ಕೂತರೆ ಇಲವಾಲ ದಾಟುವುದರೊಳಗೆ ನನಗೆ ವಾಂತಿಯಾಗುತ್ತದೆ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. ಹಿಂದೆ ಕೂತವಳು ನನ್ನ ತಂಗಿಯ ಮಗಳು ರಶ್ಮಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಾಲ ಬಳಿ ತಂತಿ, ಸ್ಪ್ಯಾನರು ತುಂಬಿದ ಚೀಲ. ಜೀಪು ಓಡಿಸುತ್ತಿದ್ದವರು ಹುಣಸೂರು ಕಡೆಯ ಸಿದ್ದರಾಜು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ, ನಿವೃತ್ತಿಯಾದ ಮೇಲೆ ಬಾದಾಮಿ, ಕಾಶಿಯನ್ನೆಲ್ಲ ಸುತ್ತಿ ಬಂದವಳು ನಾನು. ಕಂಬ ನೋಡಲೆಂದು ಪ್ರವಾಸ ಹೊರಟಿದ್ದು ಮಾತ್ರ ಇದೇ ಮೊದಲು. ರಶ್ಮಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹೆದ್ದಾರಿಯ ವಾಹನ ಸಂಚಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ನಾಲ್ಕು ತಾಲ್ಲೂಕಿನ ರಸ್ತೆಗಳಲ್ಲಿ ಅವಳು ನೆಡಿಸಿದ ನಾಲ್ಕು ಕಂಬಗಳಿವೆ. ಪ್ರತಿ ಕಂಬದ ತುದಿಯಲ್ಲಿ ಒಂದು ಕ್ಯಾಮೆರಾ, ಅದರ ಎರಡೂ ಬದಿಗೆ ರಸ್ತೆಯಂಚಿನಲ್ಲಿ ಒಂದೊಂದು ದೀಪದ ಫಲಕ. ವಾಹನಗಳು ಒಂದೇ ಜಾಗದಲ್ಲಿ ಇದ್ದಕ್ಕಿದ್ದಂತೆ ನಿಧಾನವಾಗಿ, ಪಕ್ಕಕ್ಕೆ ಸರಿದು ಹೋಗತೊಡಗಿದರೆ ಕ್ಯಾಮೆರಾಕ್ಕೆ ತಿಳಿಯುತ್ತದೆ. ಆಗ ಫಲಕದಲ್ಲಿ ‘ನಿಧಾನ, ಮುಂದೆ ಅಡಚಣೆ’ ಎಂದು ಕೆಂಪಕ್ಷರ ಹತ್ತುತ್ತದೆ. ತಿರುವಿನಾಚೆ ಏನಿದೆಯೋ ಕಾಣದೆ ನುಗ್ಗಿ ಬರುವವನಿಗೆ ಅದು ಮೊದಲೇ ಸಿಗುವ ಎಚ್ಚರಿಕೆ.

ಮೂರು ಕಂಬಗಳು ಹೇಳಿದ ಮಾತು ಕೇಳುತ್ತಿದ್ದವು. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯ ನಾಲ್ಕನೆಯದು ಒಂದು ತಿಂಗಳಿಂದ ಹಟ ಹಿಡಿದಿತ್ತು. ದಿನಾ ಹತ್ತು ಗಂಟೆಗೆ ಅದರ ಫಲಕ ಹತ್ತಿಕೊಂಡರೆ ಮೂರು ಗಂಟೆಯವರೆಗೂ ಆರುತ್ತಿರಲಿಲ್ಲ. ಅಲ್ಲಿ ನೆಟ್‌ವರ್ಕ್ ಕಡಿಮೆ. ಚಿತ್ರ ಬರುವುದಿಲ್ಲ, ಬರೀ ಅಂಕಿ ಬರುತ್ತದೆ. ಆ ಅಂಕಿಗಳಲ್ಲಿ ‘ರಸ್ತೆಯ ಮೇಲೆ ಏನಿದೆ’ ಎಂಬ ಕಾಲಂ ಮಾತ್ರ ಖಾಲಿ. ರಶ್ಮಿ ಎರಡು ಸಲ, ಕಾಲೇಜಿಗೆ ಹೋಗುವ ಮುಂಚೆ, ಬೆಳಿಗ್ಗೆ ಏಳಕ್ಕೇ ಬಂದು ನೋಡಿದ್ದಳು, ರಸ್ತೆ ಗುಡಿಸಿಟ್ಟಂತಿತ್ತಂತೆ.

“ಸೋಮವಾರದೊಳಗೆ ಕಾರಣ ಹೇಳದೇ ಇದ್ರೆ ಕಂಬ ಕಿತ್ತು ಬೇರೆ ಜಿಲ್ಲೆಗೆ ಕಳಿಸ್ತಾರೆ ದೊಡ್ಡಮ್ಮ. ಸುಳ್ಳು ಹೇಳೋ ಕಂಬ ಯಾರಿಗೆ ಬೇಕು ಅಂತಾರೆ ನಮ್ಮ ಗೈಡು” ಎಂದಳು ರಶ್ಮಿ. ಅಂದು ಶನಿವಾರ.

ಕೆ.ಆರ್. ನಗರದಲ್ಲಿ ಇಡ್ಲಿ ತಿಂದೆವು. ಚಟ್ನಿ ಖಾರವಾಗಿತ್ತು, ಕಾಫಿ ಅದನ್ನು ಸರಿ ಮಾಡಿತು. ಊರಾಚೆಯ ಮೊದಲನೇ ಕಂಬದ ಕೆಳಗೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ರಶ್ಮಿ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ತೋರಿಸಿದಳು. ಪರದೆಯ ಮೇಲೆ ಪ್ರತಿ ವಾಹನದ ಸುತ್ತ ಹಸಿರು ಚೌಕ, ಅದರ ಮೇಲೆ ಹೆಸರು: ಬಸ್ಸು, ಬೈಕು, ಎತ್ತಿನ ಗಾಡಿ. ಎತ್ತಿನ ಗಾಡಿ ಎಂದರೇನು ಎಂದು ಯಂತ್ರಕ್ಕೆ ಗೊತ್ತಿರಲಿಲ್ಲವಂತೆ. ಇವಳು ತಿಂಗಳುಗಟ್ಟಲೆ ಕೂತು, ಸಾವಿರಾರು ಚಿತ್ರಗಳಲ್ಲಿ ಗಾಡಿಯ ಸುತ್ತ ತಾನೇ ಗೆರೆ ಎಳೆದು ಕಲಿಸಿದ್ದಾಳೆ. ಮೂವತ್ತು ವರ್ಷದಲ್ಲಿ ನಾನು ಎಷ್ಟು ಮಕ್ಕಳಿಗೆ ಇಷ್ಟು ತಾಳ್ಮೆಯಿಂದ ಕಲಿಸಿದ್ದೇನೋ, ಲೆಕ್ಕ ಹಾಕಲು ನಾಚಿಕೆಯಾಯಿತು.

“ಹುಲ್ಲಿನ ಹೊರೆ ಕಟ್ಟಿದ ಬೈಕನ್ನ ಮೊದಲು ಇದು ಮಿನಿ ಲಾರಿ ಅಂತಿತ್ತು” ಎಂದಳು.

“ನಮ್ ಕಡೆ ಬೈಕು ಅಂದ್ರೆ ಮಿನಿ ಲಾರಿನೇ ಕಣ್ರಮ್ಮ, ಅದೇನು ತಪ್ಪು ಏಳಿಲ್ಲ ಬುಡಿ” ಎಂದರು ಸಿದ್ದರಾಜು.

ಹುಣಸೂರಿನ ಕಂಬವನ್ನು ಜೀಪಿನಿಂದಲೇ ನೋಡಿ ಪಿರಿಯಾಪಟ್ಟಣಕ್ಕೆ ಹೋದೆವು. ಅಲ್ಲಿ ತಂಬಾಕಿನ ಹರಾಜಿನ ಕಾಲ. ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರು, ಆಟೋಗಳು ಹೆದ್ದಾರಿಯ ಅಂಚಿನವರೆಗೂ ಸಾಲುಗಟ್ಟಿದ್ದವು. ಬಿಸಿಲಿಗೆ ಕಾದ ತಂಬಾಕಿನ ಘಾಟು ಮೂಗಿಗೆ ಅಡರುತ್ತಿತ್ತು. ಆದರೆ ಮಡಿಕೇರಿ ಕಡೆಯಿಂದ ಬರುವ ಬಸ್ಸುಗಳು ಫಲಕ ನೋಡಿ ದೂರದಲ್ಲೇ ವೇಗ ಇಳಿಸುತ್ತಿದ್ದವು. ಕೂಗಾಟವಿಲ್ಲ, ಕರ್ಕಶ ಹಾರನ್ನಿಲ್ಲ. ನಮ್ಮ ಹುಡುಗಿ ಬರೆದ ಮೂರು ಪದಕ್ಕೆ ಅಷ್ಟು ದೊಡ್ಡ ಬಸ್ಸು ತಗ್ಗಿ ನಡೆಯುವುದನ್ನು ನೋಡಿ ನನ್ನ ಎದೆ ಉಬ್ಬಿತು.

ಮತ್ತೆ ಹುಣಸೂರಿಗೆ ಬಂದು ಕೋಟೆ ರಸ್ತೆ ಹಿಡಿದಾಗ ಹನ್ನೊಂದೂವರೆ. ಮಂಜು ಹರಿದು ಬಿಸಿಲು ಚುರುಗುಟ್ಟುತ್ತಿತ್ತು. ದೂರದಿಂದಲೇ ಫಲಕದ ಕೆಂಪಕ್ಷರ ಕಂಡಿತು.

“ನೋಡಿ, ಮತ್ತೆ ಸುಳ್ಳು ಹೇಳ್ತಿದೆ” ಎಂದಳು ರಶ್ಮಿ. ಅವಳ ದನಿ ಸಣ್ಣದಾಗಿತ್ತು.

ತಿರುವು ದಾಟುತ್ತಲೇ ಜೀಪಿನ ಚಕ್ರದಡಿ ಚಟಚಟ ಸದ್ದಾಯಿತು. ಅರ್ಧ ರಸ್ತೆಯುದ್ದಕ್ಕೂ ಒಣಗಿದ ಹುರುಳಿ ಗಿಡ ಹರಡಿತ್ತು. ಮುಂದಿನ ಬಸ್ಸು ನಿಧಾನವಾಗಿ ಅದರ ಮೇಲೆ ಹಾದುಹೋಯಿತು. ಬೈಕುಗಳು ಬಲಕ್ಕೆ ಸರಿದು ಹೋದವು. ಹೊಂಗೆ ಮರದ ನೆರಳಲ್ಲಿ ಗಂಡ ಹೆಂಡತಿ ಕೂತಿದ್ದರು. ಆಕೆಯ ಕೈಯಲ್ಲಿ ಸೊಪ್ಪು ತಿರುವಿಹಾಕುವ ಕವೆಗೋಲಿತ್ತು.

“ಉಳ್ಳಿ ಆಕವ್ರೆ” ಎಂದರು ಸಿದ್ದರಾಜು, ಏನೂ ವಿಶೇಷವಿಲ್ಲವೆಂಬಂತೆ.

“ನಿಮಗೆ ಗೊತ್ತಿತ್ತಾ?” ಎಂದಳು ರಶ್ಮಿ.

“ಸುಗ್ಗೀಲಿ ಎಲ್ರೂ ಆಕ್ತಾರಲ್ಲ ಮೇಡಮ್ಮೋರೆ. ಗಾಡಿ ಚಕ್ರ ತುಳುದ್ರೆ ಕಾಳು ಉದುರ್ತದೆ. ನೀವು ಕೇಳ್ಲಿಲ್ಲ, ನಾ ಏಳ್ಲಿಲ್ಲ.”

ರಶ್ಮಿ ಇಳಿದು ಓಡಿದವಳು ಕಂಬದ ಪೆಟ್ಟಿಗೆ ತೆಗೆದು ತಂತಿ ಸಿಕ್ಕಿಸಿದಳು. ಪರದೆ ನೋಡಿ ಹಣೆ ಚಚ್ಚಿಕೊಂಡಳು. “ಅಲುಗಾಡದೆ ಬಿದ್ದಿರೋದನ್ನೆಲ್ಲ ಇದು ರಸ್ತೆ ಅಂತ ತಿಳಿಯುತ್ತೆ ದೊಡ್ಡಮ್ಮ. ಹಾಗಂತ ಕಲಿಸಿದವಳು ನಾನೇ. ಹುರುಳಿ ಸೊಪ್ಪನ್ನ ರಸ್ತೆ ಅಂದ್ಕೊಂಡಿದೆ. ಆದರೆ ವಾಹನ ಸರಿದು ಹೋಗಿದ್ದು ನಿಜ, ಅಡಚಣೆ ಇದ್ದಿದ್ದೂ ನಿಜ. ತಿಂಗಳಿಂದ ಇದು ಒಂದು ಸುಳ್ಳೂ ಹೇಳಿಲ್ಲ.” ಅವಳು ನಕ್ಕಳು. ನನಗೂ ಜೀವ ಬಂದಂತಾಯಿತು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನೆರಳಲ್ಲಿದ್ದ ಹೆಂಗಸು ಎದ್ದು ಬಂದರು. ಹೆಸರು ಚಿಕ್ಕತಾಯಮ್ಮ, ಗಂಡ ನಿಂಗೇಗೌಡರು. “ಬೋರ್ಡ್ ಆಕ್ಸ್ದೋರು ನೀವೇನವ್ವ? ಪುಣ್ಯ ಬರ್ಲಿ. ಓದ್ ವರ್ಸ ಅಲ್ಲಿ ಮೋರಿತಾವ ಆಕ್ತಿದ್ದೋ. ಬಸ್ನೋರು ಜೋರಾಗಿ ಬಂದು ಕಾಳೆಲ್ಲ ಸಿಡ್ಸ್ಬುಡೋರು. ಈಗ ನಿಮ್ ಬೋರ್ಡ್ ನೋಡಿ ಮೆಲ್ಲುಕ್ ಬತ್ತಾರೆ, ಚೆನ್ನಾಗ್ ತುಳೀತಾರೆ. ಅದ್ಕೆ ಇಲ್ಲಿಗೇ ತಂದ್ಬುಟ್ಟೋ.”

ರಶ್ಮಿ ಕಂಬದ ಬುಡದಲ್ಲೇ ಕೂತಳು. ಅಡಚಣೆ ಇದೆ ಎಂದು ಹೇಳಲು ಹಾಕಿದ ಫಲಕವೇ ಅಡಚಣೆಯನ್ನು ಕರೆದು ತಂದಿತ್ತು. “ಇದನ್ನ ನಾನು ಬರೀಲೇಬೇಕು. ಬರೆದ್ರೆ ಕಂಬ ಖಂಡಿತ ಕೀಳ್ತಾರೆ” ಎಂದಳು.

“ಬರೆಯದಿದ್ದರೆ?” ಎಂದು ಕೇಳಿಬಿಟ್ಟೆ. ಗಣಿತದ ಮೇಷ್ಟ್ರಾಗಿದ್ದವಳು ಕೇಳಬಾರದ ಪ್ರಶ್ನೆ.

“ಬರೆಯದಿದ್ರೆ ಅದು ಸಂಶೋಧನೆ ಆಗಲ್ಲ ದೊಡ್ಡಮ್ಮ.”

ಸೀರೆಯುಡಲು ನಾನೇ ಕಲಿಸಿದ ಹುಡುಗಿ ಇವಳು. ಆ ಕ್ಷಣ ಅವಳ ಮುಂದೆ ನಾನು ತುಂಬ ಚಿಕ್ಕವಳಾದೆ.

ಕಂಬ ಕೀಳುತ್ತಾರೆ ಎಂಬ ಮಾತು ಕೇಳಿ ನಿಂಗೇಗೌಡರು ಕೋಲೂರಿಕೊಂಡು ಹತ್ತಿರ ಬಂದರು. ಅವರ ಎಡಗಾಲು ಸೊಟ್ಟಗಿತ್ತು. ಎರಡು ವರ್ಷದ ಹಿಂದೆ ಇದೇ ತಿರುವಿನಲ್ಲಿ ಗೂಡ್ಸ್ ಆಟೋ ಗುದ್ದಿದ್ದಂತೆ. “ಬೋರ್ಡ್ ಬಂದ್ಮ್ಯಾಕೆ ಇಲ್ಲಿ ಒಬ್ರೂ ಬಿದ್ದಿಲ್ಲ ಕಣವ್ವ. ಕೀಳಿಸ್ಬ್ಯಾಡಿ” ಎಂದರು. ಚಿಕ್ಕತಾಯಮ್ಮ ಒಂದು ಗಳಿಗೆ ರಸ್ತೆಯ ಮೇಲಿನ ಸೊಪ್ಪನ್ನೂ ಗಂಡನ ಕಾಲನ್ನೂ ನೋಡಿದರು. “ಅಂಗಾರೆ ತಗೀತೀವಿ. ಆದ್ರೆ ಎಲ್ಲಿಗ್ ಆಕನ? ಊರ ಕಣದಾಗೆ ಸಮುದಾಯ ಭವನ ಎದ್ದದೆ.”

ತಿರುವನ್ನು ಕೊಂಚ ನೇರ ಮಾಡಿದಾಗ ಬಿಟ್ಟುಹೋದ ಹಳೇ ರಸ್ತೆಯ ತುಂಡೊಂದು ಮರದಾಚೆ ಇತ್ತು. ಡಾಂಬರು ಇನ್ನೂ ಗಟ್ಟಿ. ಅಂಚಿನಲ್ಲಿ ಕಳೆ ಬೆಳೆದಿತ್ತಷ್ಟೆ. ನಾನು ಅದನ್ನು ತೋರಿಸಿದೆ.

“ಅಲ್ಲಿ ಗಾಡಿ ಓಡಾಡಕಿಲ್ವಲ್ಲ ಅಮ್ಮಾರೆ. ತುಳಿಯೋರ್ ಯಾರು?” ಎಂದರು ಚಿಕ್ಕತಾಯಮ್ಮ.

ಸಿದ್ದರಾಜು ಜೀಪಿನ ಬಾನೆಟ್ ತಟ್ಟಿದರು. “ಇವತ್ತಿಗೆ ಇದು ತುಳೀತದೆ.”

ನಾಲ್ವರು ಸೇರಿ ಸೊಪ್ಪು ಹೊತ್ತೆವು. ನಿಂಗೇಗೌಡರು ಕೂತಲ್ಲೇ ಕಾಳು ಗುಡಿಸಿದರು. ನನ್ನ ಸೀರೆಗೆಲ್ಲ ಹುರುಳಿ ಹೊಟ್ಟಿನ ಸುಂಕು. ಜೀಪು ಹಳೇ ರಸ್ತೆಯ ಮೇಲೆ ಹೋಗಿ ಬಂದು, ಹೋಗಿ ಬಂದು ಮುಕ್ಕಾಲು ಗಂಟೆ ತುಳಿಯಿತು. ಸುತ್ತು ಎಣಿಸುವೆನೆಂದು ಮುಂದಿನ ಸೀಟಿನಲ್ಲಿ ಕೂತವಳು ಹನ್ನೊಂದನೇ ಸುತ್ತಿಗೆ ಹೊಟ್ಟೆ ತೊಳಸಿ ಇಳಿದುಬಿಟ್ಟೆ. ಮುಂದಿನ ಸೀಟೂ ಕೈಕೊಡುತ್ತದೆಂದು ಅಂದು ಗೊತ್ತಾಯಿತು.

ಮಧ್ಯಾಹ್ನ ಅವರ ಮನೆಯಲ್ಲೇ ಊಟ: ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ. ಹೊಟ್ಟೆ ತೊಳಸಿದ್ದೆಲ್ಲ ಮರೆತು ಎರಡನೇ ಮುದ್ದೆ ಹಾಕಿಸಿಕೊಂಡೆ. ನಿಂಗೇಗೌಡರು ಉಣ್ಣುತ್ತಲೇ ತೀರ್ಮಾನ ಹೇಳಿದರು: “ನಮ್ಮಣ್ಣನ್ ಮಗನ್ತಾವ ಟ್ಯಾಕ್ಟ್ರದೆ. ಇಲ್ಲಿ ಉಳ್ಳಿ ಆಕೋ ಮೂರು ಮನೆಯೋರೂ ಸರದಿ ಮ್ಯಾಲೆ ಅಳೇ ರಸ್ತೇಲೆ ತುಳುಸ್ಕತೀವಿ. ಅದ್ನೂ ಬರ್ಕಳವ್ವ.” ರಶ್ಮಿ ಬರೆದುಕೊಂಡಳು. ಸೊಪ್ಪು ಬಂದದ್ದು, ಬಂದ ಕಾರಣ, ಹೋದದ್ದು, ಎಲ್ಲವನ್ನೂ ಹಾಗೆಹಾಗೇ ಬರೆದುಕೊಂಡಳು.

ಕೋಟೆಗೆ ಹೋಗಿ ಟೀ ಕುಡಿದೆವು. ಅಲ್ಲಿಂದ ನೇರ ಮೈಸೂರಿಗೆ ರಸ್ತೆಯಿದ್ದರೂ ರಶ್ಮಿಗೆ ಮನಸ್ಸು ತಡೆಯಲಿಲ್ಲ. “ಒಂದು ಸಲ ನೋಡ್ಕೊಂಡೇ ಹೋಗೋಣ” ಎಂದಳು. ಮರಳಿ ಬಂದಾಗ ಇನ್ನೂ ಎರಡೂವರೆ. ತಿರುವಿನ ಮುಂಚಿನ ಫಲಕ ಆರಿತ್ತು. ತಿಂಗಳಿಂದ ಆ ಹೊತ್ತಿನಲ್ಲಿ ಒಂದು ದಿನವೂ ಆರದ ಫಲಕ.

“ನಿಲ್ಸಿ, ನಿಲ್ಸಿ, ಫೋಟೊ ತೆಗೀಬೇಕು” ಎಂದು ರಶ್ಮಿ ಇದ್ದಲ್ಲೇ ಜೀಪು ನಿಲ್ಲಿಸಲು ಹೇಳಿ ಇಳಿದೇಬಿಟ್ಟಳು. ಫಲಕ ಇನ್ನೂ ನಾಲ್ಕು ಮಾರು ಮುಂದಿತ್ತು. ಹೆದ್ದಾರಿ ಸುರಕ್ಷತೆಯ ಸಂಶೋಧಕಿ ಜೀಪನ್ನು ಅರ್ಧ ರಸ್ತೆಯಲ್ಲೇ ಬಿಟ್ಟು ಮೊಬೈಲು ಎತ್ತಿಕೊಂಡು ನಿಂತಳು. ಒಂದು ಬಸ್ಸು ನಿಧಾನಿಸಿ ನಮ್ಮನ್ನು ಬಳಸಿಕೊಂಡು ಹೋಯಿತು. ಹಿಂದೆ ಎರಡು ಬೈಕು, ಒಂದು ಟ್ರ್ಯಾಕ್ಟರು, ಅವೂ ಹಾಗೇ ಬಳಸಿಕೊಂಡು ಹೋದವು. ಅವಳು ಗುರಿ ಹಿಡಿದು ಒತ್ತುವುದಕ್ಕೂ ಫಲಕದಲ್ಲಿ ಕೆಂಪಕ್ಷರ ಮೂಡುವುದಕ್ಕೂ ಸರಿಹೋಯಿತು: ‘ನಿಧಾನ, ಮುಂದೆ ಅಡಚಣೆ’.

ರಶ್ಮಿ ಮೊಬೈಲು ಕೆಳಗಿಳಿಸಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಸಿದ್ದರಾಜು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಅತ್ಕಳಿ ಮೇಡಮ್ಮೋರೆ. ಈಗ ಉಳ್ಳಿ ನಾವೇ ಆಗಿವಿ.”