ಆಷಾಢದಲ್ಲಿ ಒಣಗಿದ ಬಿಳಿ ಇಂಕು

ಆ ಮಿಷನ್ನು ನಮ್ಮ ಕೈಗೆ ಬಂದದ್ದೇ ಹೊಡೆದಾಟದಲ್ಲಿ. ಶಿರಾದಲ್ಲಿ ಟೀ ಶರ್ಟಿನ ಅಂಗಡಿ ಮುಚ್ಚುತ್ತಿದ್ದವನೊಬ್ಬ ತನ್ನ ಹಳೇ ಡಿಟಿಜಿ ಪ್ರಿಂಟರ್ ಮಾರುತ್ತಾನೆ ಅಂತ ತಿಳಿದು ನಾನೂ ನನ್ನ ಗಂಡನೂ ಹೋಗಿದ್ದೆವು. ಬಟ್ಟೆಯ ಮೇಲೆ ನೇರವಾಗಿ ಚಿತ್ರ ಒತ್ತುವ ಮಿಷನ್ನು ಅದು. ಹಲಗೆಯ ಮೇಲೆ ಶರ್ಟು ಹಾಸಿದರೆ ಒಳಗೆ ಹೋಗಿ ಬಣ್ಣ ಹಾಕಿಸಿಕೊಂಡು ಬರುತ್ತದೆ. ಅಂಗಡಿಯವನು ಬಿಳಿ ಶರ್ಟಿನ ಮೇಲೆ ಒಂದು ಹುಲಿ ಒತ್ತಿ ತೋರಿಸಿದ. ಕರಿ ಶರ್ಟಿನ ಮೇಲೂ ತೋರಿಸಿ ಅಂದೆ. ಆಮೇಲೆ ನೋಡೋಣ ಅಂದ. ಈಗಲೇ ತೋರಿಸಿ ಅಂದೆ. ಹೆಂಗಸರಿಗೆ ಇದೆಲ್ಲ ಏನು ಗೊತ್ತಾಗುತ್ತೆ ಅಂತ ನನ್ನ ಗಂಡನ ಕಡೆ ನೋಡಿ ನಕ್ಕ. ನನ್ನ ಗಂಡ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿಯೇಬಿಟ್ಟ. ಅಂಗಡಿಯವನೂ ಸುಮ್ಮನಿರಲಿಲ್ಲ, ಮೊಣಕೈಯಲ್ಲಿ ತಿವಿದ. ಪಕ್ಕದ ಅಂಗಡಿಯವರು ಓಡಿಬಂದು ಬಿಡಿಸುವಷ್ಟರಲ್ಲಿ ನನ್ನ ಗಂಡನ ಜೇಬು ಹರಿದು ನೇತಾಡುತ್ತಿತ್ತು. ನನಗೋಸ್ಕರ ಹೊಡೆದಾಡುವ ಗಂಡ ಸಿಕ್ಕಿದನಲ್ಲ ಅಂತ, ನನ್ನ ಪೆದ್ದುತನಕ್ಕಿಷ್ಟು, ಒಳಗೊಳಗೇ ಖುಷಿಪಟ್ಟೆ.

ಇಬ್ಬರೂ ತಣ್ಣಗಾದ ಮೇಲೆ ಅಂಗಡಿಯವನು ಟೀ ತರಿಸಿದ, ಕರಿ ಶರ್ಟನ್ನೂ ಒತ್ತಿ ತೋರಿಸಿದ. ಕರಿ ಬಟ್ಟೆಗೆ ಮೊದಲು ಬಿಳಿ ಇಂಕಿನ ತಳ ಹಾಕಬೇಕು, ಬಣ್ಣ ಅದರ ಮೇಲೆ. ಆ ಬಿಳಿಯೇ ಈ ಮಿಷನ್ನಿನ ಪ್ರಾಣ, ಅದೇ ಅದರ ರೋಗ. ಓಡಿಸದೆ ಬಿಟ್ಟರೆ ಸುಣ್ಣದ ನೀರಿನ ಹಾಗೆ ತಳಕ್ಕೆ ಕೂತು, ಇಂಕು ಉಗುಳುವ ಹೆಡ್ಡಿನ ಸಣ್ಣ ತೂತುಗಳಲ್ಲಿ ಗಟ್ಟಿಯಾಗಿಬಿಡುತ್ತದೆ.

"ದಿನಾ ಬಾಟ್ಲಿ ಅಲ್ಲಾಡ್ಸಿ, ದಿನಾ ಓಡ್ಸಮ್ಮಾ. ಹಬ್ಬ ಗಿಬ್ಬ ಅಂತ ಮಲಗ್ಸಿದ್ರೆ ಹೆಡ್ಡು ಹೋಯ್ತು ಅಂತ್ಲೇ ತಿಳ್ಕೊ" ಅಂದ. ನನ್ನ ಮುಖ ನೋಡಿಕೊಂಡೇ ಹೇಳಿದ. ಅದಾದ ಮೇಲೆ ಎಲ್ಲವನ್ನೂ ನನಗೇ ಹೇಳಿಕೊಟ್ಟ.

ಮದುವೆಗೆ ಮೊದಲು ನಾನು ಪಾವಗಡದಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೆ. ನಮ್ಮಪ್ಪ ನಮ್ಮೂರು ತಿರುಮಣಿಯ ಜಮೀನನ್ನು ಸೋಲಾರ್ ಕರೆಂಟಿನ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು, ಅದರ ದುಡ್ಡು ಬಂದಿತ್ತು. ಬಳೆ ಮಾಡಿಸ್ತೀನಿ ಅಂದಾಗ, ಬಳೆ ಬೇಡ ಈ ಮಿಷನ್ ಕೊಡಿಸಿ ಅಂದಿದ್ದೆ. ಮಧುಗಿರಿಯ ನಮ್ಮ ಮನೆಯ ಬೀದಿ ಕಡೆ ರೂಮಿನಲ್ಲಿ ನನ್ನದೇ ಅಂತ ಒಂದು ಕಸುಬು. ಗಣೇಶನ ಹಬ್ಬಕ್ಕೆ ಕರಿ ಶರ್ಟು ಬೇಕು ಅಂತ ಒಂದು ಗುಂಪಿನವರು ಆಗಲೇ ಹೇಳಿಟ್ಟಿದ್ದರು. ಅದೊಂದು ನಡೆದರೆ ಸಾಕಿತ್ತು ನನಗೆ.

ಮಿಷನ್ನು ಮನೆಗೆ ಬಂದು ನೆಟ್ಟಗೆ ಕೂರಲಿಲ್ಲ, ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸಿಲು ತುಳಿಯಬಾರದು, ತವರಿಗೆ ಹೋಗಬೇಕು. ಹೊಸ ಕೆಲಸವೂ ಶುರುವಾಗಬಾರದು. ನಮ್ಮತ್ತೆ ಮಿಷನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ರೂಮಿಗೆ ಬೀಗ ಜಡಿದು, ಶ್ರಾವಣ ಸೋಮವಾರ ಪೂಜೆ ಮಾಡಿ ತೆಗೆಯೋಣ ಅಂದರು. ನಿಂತರೆ ಅದು ಸಾಯುತ್ತೆ ಅಂತ ಬಡಕೊಂಡೆ. ಮಿಷನ್ನೇನು ಹಸುವಾ ಸಾಯೋಕೆ ಅಂದರು. ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದೆ, ಗಾರೆ ಕಿತ್ತುಬಂತು. ನನಗೆ ಸಿಟ್ಟು ಬಂದರೆ ಹಾಗೇ, ಮುಂದಿರೋದು ಕಾಣಲ್ಲ. ಕೊನೆಗೆ ನನ್ನ ಗಂಡ, ಅಮ್ಮನ ಕೈಯಿಂದ ಹೆಂಗಾದರೂ ಕೀಲಿ ಇಸ್ಕೊಂಡು ದಿನಾ ನಾನೇ ಓಡಿಸ್ತೀನಿ, ನೀನು ಹೋಗು ಅಂತ ಸಮಾಧಾನ ಮಾಡಿದ. ಹೋದೆ.

ತಿರುಮಣಿಯಿಂದ ಗಂಡನಿಗೆ ದಿನಾ ಫೋನು ಮಾಡುತ್ತಿದ್ದೆ. ಗಂಡ ಉಂಡನಾ ಅಂತ ಕೇಳಲ್ಲ, ಮಿಷನ್ ಓಡಿತಾ ಅಂತ ಕೇಳ್ತಾಳೆ ಅಂತ ನಮ್ಮಮ್ಮ ತೆಲುಗು ಬೆರೆಸಿ ಬೈಯುತ್ತಿದ್ದಳು. ಅವನು ಓಡಿಸಿದೆ ಅನ್ನುತ್ತಿದ್ದ. ಬಾಟ್ಲಿ ಅಲ್ಲಾಡಿಸಿದೆ ಅನ್ನುತ್ತಿದ್ದ. ಒಂದು ದಿನವಂತೂ, ಕರಿ ಬಟ್ಟೆ ಮೇಲೆ ಹುಲಿ ಒತ್ತಿದೆ, ಮೀಸೆ ಕೂಡ ಬಂದೈತೆ ಅಂದ. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಶ್ರಾವಣದಲ್ಲಿ ವಾಪಸು ಬಂದವಳು ಪೂಜೆಗೂ ಕಾಯದೆ, ಗೂಟದಲ್ಲಿದ್ದ ಕೀಲಿ ತಗೊಂಡು ಬೀಗ ತೆಗೆದು ಮಿಷನ್ ಹಾಕಿದೆ. ಬಣ್ಣಗಳು ಗೆರೆ ಗೆರೆಯಾಗಿಯಾದರೂ ಬಂದವು. ಬಿಳಿ ಬರಲೇ ಇಲ್ಲ. ಹೆಡ್ಡು ತೊಳೆಸಿದೆ, ಮತ್ತೆ ತೊಳೆಸಿದೆ. ಬಾಟ್ಲಿ ತಲೆಕೆಳಗು ಮಾಡಿದರೆ ತಳದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡದ್ದು ಅಲುಗಲಿಲ್ಲ. ಅದನ್ನು ಯಾರೂ ಒಂದು ದಿನವೂ ಮುಟ್ಟಿರಲಿಲ್ಲ.

ಅಡುಗೆಮನೆಗೆ ನುಗ್ಗಿ, ಕೀಲಿ ಕೊಡದೆ ಕೊಂದುಬಿಟ್ರಲ್ಲ ಅಂತ ಅತ್ತೆಯ ಎರಡೂ ಭುಜ ಹಿಡಿದು ತಳ್ಳಿದೆ. ರಾಗಿ ಡ್ರಮ್ಮಿನ ಮೇಲೆ ಬಿದ್ದರು. ಬಳೆ ಒಡೆದು ಚೂರಾದವು. ಅವರು ನನಗೆ ಶಾಪ ಹಾಕುತ್ತಾರೆ ಅಂದುಕೊಂಡೆ. ಮಣಿಕಟ್ಟು ಹಿಡಿದುಕೊಂಡು ಅಲ್ಲೇ ಕೂತರು.

"ಕೀಲಿ ನನ್ತಾವ ಎಲ್ಲೈತಮ್ಮಿ? ನೀನು ಬಸ್ ಹತ್ತಿದ ಮಾರನೇ ದಿನವೇ ಅವ್ನ ಕೈಗ್ ಕೊಟ್ಟೆ. ಅದೇನು ಹೊಸಾ ಮಿಷನ್ನಾ? ಶಿರಾದಾಗೆ ಓಡ್ತಿದ್ದದ್ದು ತಾನೆ, ಶುರು ಮಾಡ್ದಂಗಾಗಲ್ಲ, ಓಡ್ಸು ಹೋಗ್ಲಾ ಅಂದೆ."

ಮಧ್ಯಾಹ್ನ ಊಟಕ್ಕೆ ಬಂದ ಗಂಡನನ್ನು ರೂಮಿಗೆ ಕರೆದು, ಕೀಲಿ ಯಾರ ಹತ್ತಿರ ಇತ್ತು ಅಂತ ಕೇಳಿದೆ. ಅವನು ಊಟಕ್ಕೆ ಹಾಕು ಅಂತ ಬಾಗಿಲ ಕಡೆ ತಿರುಗಿದ. ಶರ್ಟು ಹಾಸುವ ಹಲಗೆಯನ್ನು ಕಿತ್ತು ಅವನ ಭುಜಕ್ಕೆ ಬಾರಿಸಿದೆ. ಅವನು ನನ್ನ ಜಡೆ ಸುತ್ತಿ ಹಿಡಿದು ಮಿಷನ್ನಿನ ಅಂಚಿಗೆ ಮುಖ ಚಚ್ಚಿದ. ತುಟಿ ಸೀಳಿತು. ಬಾಯಲ್ಲಿ ರಕ್ತ ಉಪ್ಪುಪ್ಪಾಯಿತು. ಅವನ ಕೈ ಕಚ್ಚಿದೆ, ಬಿಡಿಸಿಕೊಳ್ಳುವವರೆಗೂ ಕಚ್ಚಿದೆ. ಜೋಡಿಸಿಟ್ಟಿದ್ದ ಹೊಸ ಶರ್ಟುಗಳ ಮೇಲೆಲ್ಲ ಇಬ್ಬರ ರಕ್ತವೂ ಬಿತ್ತು. ಅವನು ಏದುಸಿರು ಬಿಡುತ್ತ ಮಿಷನ್ನಿಗೆ ಒದ್ದ.

"ಇದು ಓಡಿದ್ರೆ ನೀನು ನನ್ ಮಾತು ಕೇಳ್ತಿದ್ಯೇನೇ? ಆ ಶಿರಾದೋನು ಹೇಳ್ಕೊಡೋವಾಗ ನನ್ ಕಡೆ ತಿರುಗೂ ನೋಡ್ಲಿಲ್ಲ. ನಾಳೆ ಎಲ್ರೂ ಅಂಗೇ ಮಾಡ್ತಿದ್ರು. ನೀನು ಒಂದಿನ ನನ್ನ ಬುಟ್ಟು ಹೋಗ್ತಿದ್ದೆ."

ಅವನನ್ನು ಬಿಟ್ಟುಹೋಗುವ ಯೋಚನೆ ಅಲ್ಲಿಯವರೆಗೂ ನನಗೆ ಕನಸಿನಲ್ಲೂ ಬಂದಿರಲಿಲ್ಲ.

ಕೊರಟಗೆರೆಯಲ್ಲಿ ನಮ್ಮ ಚಿಕ್ಕಮ್ಮ ಇದ್ದಳು. ಅವಳ ಮನೆಗೆ ಹೋಗೋದು ಅಂತ ಗೂಡ್ಸ್ ಆಟೋ ಕರೆಸಿದೆ. ಡ್ರೈವರು ನನ್ನ ಮುಖ ನೋಡಿ, ಮನೆ ಜಗಳಕ್ಕೆ ನಾನು ಒಳಗೆ ಬರಲ್ಲ, ಬಾಗಿಲಿಗೆ ತಂದರೆ ಹೇರಿಕೊಳ್ತೀನಿ ಅಂತ ಹೊರಗೇ ನಿಂತ. ಬೀದಿಯವರು ಜಗಲಿಗಳ ಮೇಲೆ ನಿಂತು ನೋಡಿದರು. ಸತ್ತ ಮಿಷನ್ನಾದರೂ ನನ್ನದು. ಹೆಡ್ಡು ಬೇರೆ ಹಾಕಿಸಬಹುದು. ಒಬ್ಬಳೇ ಒಂದು ತುದಿ ಎತ್ತಿದೆ. ಅಲುಗಲಿಲ್ಲ. ಸಿಟ್ಟಿಗೆ ಅಳು ಬಂತು, ಮತ್ತೆ ಎತ್ತಿದೆ.

ಅಡುಗೆಮನೆಯಿಂದ ಅತ್ತೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಿಷನ್ನಿನ ಆ ತುದಿ ಹಿಡಿದರು. ಅವನು ಬಾಗಿಲಿಗೆ ಅಡ್ಡ ನಿಂತ.

"ದಾರಿ ಬುಡ್ಲಾ" ಅಂದರು.

ನಾನು ತಳ್ಳಿದ್ದಕ್ಕೆ ಅವರ ಮಣಿಕಟ್ಟು ಊದಿಕೊಂಡಿತ್ತು. ಆ ಕೈಯಲ್ಲೇ ಎತ್ತಿಕೊಂಡು, ಮಿಷನ್ನು ಆಟೋಗೆ ಏರುವವರೆಗೂ ಬಿಡಲಿಲ್ಲ.